ಬೈಬಲ್ ಓದೋದು, ಪ್ರಾರ್ಥನೆ ಮಾಡೋದು ಪದೇ ಪದೇ ನಿಂತು ಹೋಗುತ್ತೆ, ಮತ್ತೆ ಶುರು ಮಾಡೋದು ಹೇಗೆ?

ಜನವರಿಯಲ್ಲಿ ಒಂದು ವರ್ಷದ ಬೈಬಲ್ ಪ್ಲಾನ್ ಶುರು ಮಾಡಿದ್ರಿ, ಕೆಲಸ ಹೋದ್ಮೇಲೆ ಓದೋದೂ ಬಿಟ್ಟೋಯ್ತು ಪ್ರಾರ್ಥನೆನೂ ಬಿಟ್ಟೋಯ್ತು, ಈಗ ದೇವರ ಮುಂದೆ ಕೂರೋಕೆ ಮುಖ ಇಲ್ಲ ಅಂತ ಬರ್ದಿದ್ದೀರ. ನಾನೇನು ಪಾಸ್ಟರ್ ಅಲ್ಲ, ನಾಲ್ಕೈದು ಸಲ ಹೀಗೇ ಬಿಟ್ಟು ಬಿಟ್ಟು ಹಿಡಿದವನು, ಅಷ್ಟೇ.

ನನಗೆ ಪ್ರತಿ ಸಲ ಏಟು ಬಿದ್ದಿದ್ದು ಬಾಕಿ ತೀರಿಸೋಕೆ ಹೋಗಿ. ಬೈಬಲಲ್ಲಿ 1189 ಅಧ್ಯಾಯ ಇದೆ, ವರ್ಷದೊಳಗೆ ಮುಗಿಸ್ಬೇಕು ಅಂದ್ರೆ ದಿನಕ್ಕೆ ಮೂರೋ ನಾಲ್ಕೋ ಓದ್ಲೇಬೇಕು, ಹತ್ತು ದಿನ ಜ್ವರ ಬಂತು ಅಂದ್ರೆ ಮೂವತ್ತಕ್ಕೂ ಜಾಸ್ತಿ ಬಾಕಿ, ಅದೂ ಸರಿಯಾಗಿ ಯಾಜಕಕಾಂಡದ (ಬಲಿ, ನಿಯಮಗಳೇ ತುಂಬಿರೋ ಮೂರನೇ ಪುಸ್ತಕ) ಹತ್ರ ಬಂದಾಗ್ಲೇ ಆಗೋದು (ಆ 27 ಅಧ್ಯಾಯದೊಳಗೆ ಎಷ್ಟು ಜನರ ಪ್ಲಾನ್ ಮುಳುಗಿದ್ಯೋ). ಒಂದ್ಸಲ ಭಾನುವಾರ ಮಧ್ಯಾಹ್ನ ಕೂತು ಒಂದೇ ಉಸಿರಿಗೆ ಹದಿನೈದು ಅಧ್ಯಾಯ ಓದಿದೆ, ಏನು ಓದಿದೆ ಅಂತ ಸಂಜೆಗೇ ನೆನಪಿರ್ಲಿಲ್ಲ, ಟಿಕ್ ಹಾಕಿದ್ದು ಮಾತ್ರ ನೆನಪಿದೆ. ಮಾರನೇ ದಿನದಿಂದ ಮತ್ತೆ ಮುಟ್ಲೇ ಇಲ್ಲ.

ಆಮೇಲೆ ಯಾವಾಗ್ಲೋ ವಿಮೋಚನಕಾಂಡ 16 ಓದ್ತಿದ್ದಾಗ ತಲೆಗೆ ಹೋಯ್ತು. ಮನ್ನ ಇದ್ಯಲ್ಲ, ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಅವತ್ತಿಂದು ಅವತ್ತೇ ಕೂಡಿಸ್ಕೋಬೇಕಿತ್ತು, ಸಬ್ಬತ್ತಿನ (ವಾರದ ವಿಶ್ರಾಂತಿ ದಿನ) ಹಿಂದಿನ ದಿನ ಬಿಟ್ರೆ ಬೇರೆ ದಿನ ಬೆಳಗಿನ ತನಕ ಎತ್ತಿಟ್ರೆ ಹುಳ ಬೀಳ್ತಿತ್ತು. ಆದ್ರೆ ನಿನ್ನೆ ಹೋಗ್ದೇ ಇದ್ದವನು ಇವತ್ತು ಎರಡು ಪಾಲು ಹೊತ್ಕೊಂಡು ಬರ್ಬೇಕು ಅಂತ ಅಲ್ಲೆಲ್ಲೂ ಬರ್ದಿಲ್ಲ. ಅವತ್ತೇ ತಾರೀಕಿನ ಪ್ಲಾನ್ ತೆಗೆದು ಹಾಕ್ದೆ, ಆ್ಯಪಲ್ಲಿ ಎಷ್ಟು ದಿನ ಸತತವಾಗಿ ಓದಿದ್ರಿ ಅಂತ ಎಣಿಸೋದಿರುತ್ತಲ್ಲ, ಅದರ ನೋಟಿಫಿಕೇಶನ್ನೂ ಆಫ್ ಮಾಡ್ದೆ. ಈಗ ಪುಸ್ತಕದಲ್ಲಿ ಒಂದು ಚೀಟಿ ಇಡ್ತೀನಿ, ಎಲ್ಲಿ ಬಿಟ್ಟಿದ್ನೋ ಅಲ್ಲಿಂದ. ನಿಮಗೆ ಈಗ ಯೇಸುವಿನ ಕಥೆ ಹೇಳೋ ಮಾರ್ಕನ ಸುವಾರ್ತೆ ಸಾಕು, 16 ಅಧ್ಯಾಯ, ಅರ್ಧರ್ಧ ಓದಿದ್ರೂ ನಡಿಯುತ್ತೆ.

ಕೆಲಸ ಹೋಗಿರೋವಾಗ ಪ್ರಾರ್ಥನೆಗೆ ಮಾತೇ ಬರಲ್ಲ, ಗೊತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಂಗೂ ಬರ್ತಿರ್ಲಿಲ್ಲ, ಸ್ತೋತ್ರ ಅನ್ನೋಕೆ ಹೋದ್ರೆ ಸುಳ್ಳು ಹೇಳ್ತಿದ್ದೀನಿ ಅನ್ಸೋದು. ಆಗ ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 13ನೇದು ಹಿಡ್ಕೊಂಡೆ, ಬರೀ ಆರು ವಚನ, ಇನ್ನೂ ಎಷ್ಟು ದಿನ ನನ್ನನ್ನ ಮರೆತಿರ್ತೀಯ ಅಂತ ದೇವರನ್ನೇ ಕೇಳ್ತಾ ಶುರುವಾಗುತ್ತೆ. 88 ಇನ್ನೂ ಕಷ್ಟ, ಕೊನೆಗೂ ಒಂದು ಸಮಾಧಾನದ ಮಾತಿಲ್ಲ, ಕತ್ತಲೆಯಲ್ಲೇ ಮುಗಿದು ಹೋಗುತ್ತೆ, ಆದ್ರೂ ಅದು ಬೈಬಲಲ್ಲೇ ಇದೆ ನೋಡಿ. ಜೋರಾಗಿ ಓದಿ ಎದ್ದು ಬಿಡ್ತಿದ್ದೆ, ಎರಡು ಮೂರು ನಿಮಿಷ. ಅದೂ ಪ್ರಾರ್ಥನೆನೇ.

ಮುಖ ಇಲ್ಲ ಅನ್ನೋದಕ್ಕೆ ಯೋಹಾನ 21 ಒಂದ್ಸಲ ತೆಗೆದು ನೋಡಿ. ಯೇಸುವನ್ನ ಹಿಡ್ಕೊಂಡು ಹೋದ ರಾತ್ರಿ ಆ ಮನುಷ್ಯ ನಂಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ ಶಿಷ್ಯ ಪೇತ್ರ ಅಲ್ಲಿದ್ದಾನೆ. ಯೇಸು ದಡದಲ್ಲಿ ಕೆಂಡದ ಮೇಲೆ ಮೀನಿಟ್ಟು ಬನ್ನಿ ಊಟ ಮಾಡಿ ಅಂತಾನೆ, ಊಟ ಆದ್ಮೇಲೇನೇ ಪೇತ್ರನನ್ನ ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳೋದು. ಆ ರಾತ್ರಿ ಯಾಕೆ ಹಾಗೆ ಮಾಡ್ದೆ ಅಂತ ಕೇಳಲ್ಲ.

ಇನ್ನೊಂದು, ಚರ್ಚಿನ ಒಬ್ಬ ಫ್ರೆಂಡ್ ಜೊತೆ ಒಪ್ಪಂದ ಇದೆ, ಓದಿದ ದಿನ ಯಾವ ಅಧ್ಯಾಯ ಅಂತ ಬರೀ ನಂಬರ್ ಮೆಸೇಜ್ ಮಾಡೋದು. ಮೆಸೇಜ್ ಬರ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳೋ ಹಾಗಿಲ್ಲ, ಉಪದೇಶ ಅಂತೂ ಬೇಡ್ವೇ ಬೇಡ. ಇಂಥವರು ಒಬ್ಬರು ಸಿಕ್ರೆ ಬಿಡ್ಬೇಡಿ.

ಈ ವಾರ ನಂದೂ ಎರಡು ದಿನ ತಪ್ಪಿದೆ, ಚೀಟಿ ಮಾರ್ಕ 9ರಲ್ಲಿದೆ. ರಾತ್ರಿ ಅಲ್ಲಿಂದ್ಲೇ ಓದ್ತೀನಿ, ನೀವು 1 ತೆಗೀರಿ.