ಬೆಳ್ಳಿ ಅಸಲಿ, ನಾಣ್ಯ ನಕಲಿ: ಹಳೇ ನಾಣ್ಯದ ಆನ್‌ಲೈನ್ ಖರೀದಿ

ಪ್ರಶ್ನೆ: ಆನ್‌ಲೈನ್ ತಾಣವೊಂದರಲ್ಲಿ ಬ್ರಿಟಿಷರ ಕಾಲದ ನಾಲ್ಕು ಬೆಳ್ಳಿ ರೂಪಾಯಿಗಳ ಸೆಟ್ ಕೊಂಡೆ. 1840, 1862, 1911 ಮತ್ತು 1939ರವು. ಒಟ್ಟು 4,200 ರೂಪಾಯಿ. ‘ನೂರಕ್ಕೆ ನೂರು ಅಸಲಿ’ ಅಂತ ಬರೆದಿದ್ದರು. ಕೈಗೆ ಬಂದಾಗ ಅನುಮಾನ ಬಂತು. ಕಾಸರಗೋಡಿನ ಚಿನ್ನದಂಗಡಿಯಲ್ಲಿ ಮೆಷಿನ್‌ಗೆ ಇಟ್ಟು ನೋಡಿ, ಮೂರು ಬೆಳ್ಳಿಯೇ ಅಲ್ಲ, 1939ರದ್ದು ಮಾತ್ರ ಬೆಳ್ಳಿ ಅಂದರು. ಹಾಗಾದರೆ ಆ ಒಂದಾದರೂ ಅಸಲಿಯೇ? ಮಾರಿದವರು ‘ವಾಪಸಿನ ಏಳು ದಿನ ಮುಗಿದಿದೆ’ ಅಂತ ಕೈ ತೊಳೆದುಕೊಂಡಿದ್ದಾರೆ. ಏನು ಮಾಡಲಿ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಮಾಷ್ಟ್ರೇ, ನಾಲ್ಕರಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಆ ಬೆಳ್ಳಿಯ ನಾಣ್ಯದ ಮೇಲೆಯೇ. ಚಿನ್ನದಂಗಡಿಯ ಮೆಷಿನ್ ಲೋಹ ಯಾವುದು ಅಂತ ಹೇಳುತ್ತದೆ. ನಾಣ್ಯ ಟಂಕಸಾಲೆಯದ್ದೋ ಯಾರದೋ ಮನೆಯ ಹಿತ್ತಿಲಿನದ್ದೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ಬ್ರಿಟಿಷ್ ಇಂಡಿಯಾದ ರೂಪಾಯಿಗಳಲ್ಲೇ ಬಹಳ ಅಪರೂಪದ್ದು. ಹರಾಜಿಗೆ ಬಂದರೆ ಮಾತು ಲಕ್ಷದ ಲೆಕ್ಕದಲ್ಲೇ. ಅದನ್ನು ಇನ್ನೂ ಮೂರು ನಾಣ್ಯಗಳ ಜೊತೆ ಸೇರಿಸಿ 4,200ಕ್ಕೆ ಯಾರು ಕೊಡುತ್ತಾರೆ ಹೇಳಿ?

ಅದೇ ಜಾರ್ಜ್‌ನ 1938ರ ರೂಪಾಯಿ ಬೇಕಾದಷ್ಟು ಸಿಗುತ್ತದೆ. ಅದೇ ಬೆಳ್ಳಿ, ಅದೇ ಮುಖ, ಅದೇ ತೂಕ. ಕೊನೆಯ 8ರ ಕೆಳಗಿನ ಸುತ್ತನ್ನು ಎಡಗಡೆ ಒಂಚೂರು ಕೆರೆದರೆ 9 ಆಗಿಬಿಡುತ್ತದೆ. ಹಾಗಾಗಿ ಬೆಳ್ಳಿ ಅಸಲಿ, ತೂಕ ಅಸಲಿ, ಇಸವಿ ಒಂದೇ ಸುಳ್ಳು. ವಾಚ್ ರಿಪೇರಿಯವರ ಹತ್ತಿರ ಇರುವಂಥ, ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ನೋಡಿ. 1939ರಲ್ಲಿ ಎರಡು 9 ಇದೆ ಅಲ್ವಾ? ಎರಡನ್ನೂ ಪಕ್ಕಪಕ್ಕ ಹೋಲಿಸಿ. ಎರಡನೆಯದರ ಬಾಲ ಮೊದಲನೆಯದಕ್ಕಿಂತ ಮೊಂಡಾಗಿದ್ದರೆ, ಅದರ ಎಡಗಡೆ ಸಣ್ಣ ಗೀರು ಇದ್ದರೆ, ಅಲ್ಲಿನ ನೆಲ ಸುತ್ತಲಿಗಿಂತ ತುಸು ತಗ್ಗಾಗಿದ್ದರೆ ಅಥವಾ ಬೇರೆ ಹೊಳಪು ಕೊಟ್ಟರೆ, ಅಲ್ಲಿ ಉಪಕರಣ ಆಡಿದೆ ಅಂತಲೇ ಲೆಕ್ಕ. ದೀಪವನ್ನು ಮೇಲಿನಿಂದ ಬಿಡಬೇಡಿ, ಬದಿಯಿಂದ ಬೆಳಕು ಬೀಳಲಿ. ಆಗ ಕೆರೆದದ್ದು ಎದ್ದು ಕಾಣುತ್ತದೆ.

ಉಳಿದ ಮೂರಕ್ಕೆ ಮೆಷಿನ್ ಆಗಲೇ ಉತ್ತರ ಹೇಳಿದೆ. ಆದರೆ ಎಲ್ಲರಿಗೂ ಚಿನ್ನದಂಗಡಿಯವರು ಪುರುಸೊತ್ತು ಮಾಡಿಕೊಡುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ನಾನಂತೂ ಬೆಳ್ಳಿ ರೂಪಾಯಿ ಕೈಗೆ ಬಂದರೆ ಮೊದಲು ಮಾಡುವುದು ಅದನ್ನೇ.

ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. 1835ರಿಂದ 1939ರ ವರೆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಶೇಕಡಾ 91.7, ಉಳಿದದ್ದು ತಾಮ್ರ. ಸವೆದ ನಾಣ್ಯ 11.4, 11.5 ತೂಗಿದರೆ ಗಾಬರಿ ಬೇಡ. ಹತ್ತು ಗ್ರಾಮೋ ಹದಿಮೂರು ಗ್ರಾಮೋ ತೂಗಿದರೆ ಅಲ್ಲಿಗೇ ಬಿಡಿ. ತೂಕ ಸರಿ ಇದ್ದರೆ, ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ಸಪೂರ ನೂಲು ಕಟ್ಟಿ, ಕೈಯಲ್ಲಿ ತೂಗಿಸಿ ಹಿಡಿದು ಪೂರ್ತಿ ನೀರಿಗೆ ಇಳಿಸಿ. ತಳಕ್ಕೆ ತಾಗಬಾರದು, ಗೋಡೆಗೂ ತಾಗಬಾರದು. ಗಾಳಿಯ ಗುಳ್ಳೆ ಅಂಟಿಕೊಂಡಿದ್ದರೆ ಸ್ವಲ್ಪ ಅಲುಗಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಬದಿಗೆ ತಳ್ಳಿದ ನೀರಿನ ತೂಕ. ಅಸಲಿ ರೂಪಾಯಿಗೆ ಅದು 1.13ರ ಆಸುಪಾಸು ಬರುತ್ತದೆ. 11.66ನ್ನು ಅದರಿಂದ ಭಾಗಿಸಿದರೆ 10.3, ಅಂದರೆ ನಾಣ್ಯ ಅಷ್ಟೇ ಗಾತ್ರದ ನೀರಿಗಿಂತ 10.3 ಪಟ್ಟು ಭಾರ. ಜರ್ಮನ್ ಸಿಲ್ವರ್‌ನಲ್ಲಿ (ಹೆಸರಲ್ಲಿ ಮಾತ್ರ ಬೆಳ್ಳಿ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ) ಮಾಡಿದ ನಕಲಿ ಅದೇ 11.66 ತೂಗಿದರೂ ನೀರಿನಲ್ಲಿ 1.34ರ ಹತ್ತಿರ ತೋರಿಸುತ್ತದೆ. ಹಗುರ ಲೋಹದಲ್ಲಿ ತೂಕ ಹೊಂದಿಸಲು ನಾಣ್ಯವನ್ನು ದಪ್ಪ ಮಾಡಿರುತ್ತಾರೆ, ನೀರು ಅದನ್ನು ಹಿಡಿದು ಕೊಡುತ್ತದೆ.

1940ರಿಂದ 1945ರ ವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಅದು 1.22ರ ಹತ್ತಿರ ತೋರಿಸುತ್ತದೆ. ಅದನ್ನು ನಕಲಿ ಅಂತ ಎಸೆದುಬಿಡಬೇಡಿ.

ಅಯಸ್ಕಾಂತದ ಪರೀಕ್ಷೆಯ ಬಗ್ಗೆ ಜನರಿಗೆ ಜಾಸ್ತಿ ನಂಬಿಕೆ. ಅಂಟಿದರೆ ಬೆಳ್ಳಿ ಅಲ್ಲ, ಅದು ಸರಿ. ಅಂಟದಿದ್ದರೆ ಬೆಳ್ಳಿ ಅನ್ನುವುದು ತಪ್ಪು. ಹಿತ್ತಾಳೆಯೂ ಅಂಟುವುದಿಲ್ಲ, ಸೀಸವೂ ಅಂಟುವುದಿಲ್ಲ. ಇನ್ನೊಂದು ತಮಾಷೆ ಏನೆಂದರೆ 1947ರ ರೂಪಾಯಿ ಶುದ್ಧ ನಿಕ್ಕಲ್‌ನದ್ದು. ಅದು ಅಂಟಲೇಬೇಕು. ಅಂಟದಿದ್ದರೆ ಅದೇ ನಕಲಿ.

ಇನ್ನು ಕಣ್ಣಿನ ಕೆಲಸ. ನಿಮ್ಮ 1862ರ ನಾಣ್ಯದಲ್ಲಿ ವಿಕ್ಟೋರಿಯಾ ಹೆಸರಿನ ಜೊತೆ ‘ಕ್ವೀನ್’ ಇದೆಯೋ ‘ಎಂಪ್ರೆಸ್’ ಇದೆಯೋ ನೋಡಿ. ನಾಣ್ಯದ ಮೇಲೆ ಆಕೆ ಎಂಪ್ರೆಸ್ ಆದದ್ದು 1877ರಿಂದ. 1862ರ ಎಂಪ್ರೆಸ್ ಸಿಕ್ಕಿದರೆ ಲೂಪ್ ಕೂಡ ಬೇಡ. ಹಾಗೆಯೇ 1840ರದ್ದರ ಹಿಂಬದಿಯಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’ ಅಂತ ಇರಬೇಕು. 1862ರದ್ದರಲ್ಲಿ ಕಂಪನಿ ಇಲ್ಲ, ಬರೇ ‘ಇಂಡಿಯಾ’.

1911ರದ್ದು ‘ಹಂದಿ ರೂಪಾಯಿ’ ಅಂತಲೇ ಪ್ರಸಿದ್ಧ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲೆ ಆನೆಯ ಚಿತ್ರ ಇದೆ. ಮೊದಲ ಅಚ್ಚಿನಲ್ಲಿ ಸೊಂಡಿಲು ತೀರಾ ಗಿಡ್ಡವಾಗಿ, ಜನರಿಗೆ ಅದು ಹಂದಿಯ ಹಾಗೆ ಕಂಡಿತು. ದೊಡ್ಡ ಗಲಾಟೆಯಾಗಿ ಸರಕಾರ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡಿತು. 1912ರಿಂದ ಆನೆಯನ್ನು ತಿದ್ದಿದರು. ಇಸವಿ 1911, ಆನೆಗೆ ಮಾತ್ರ ಉದ್ದ ಸೊಂಡಿಲು ಅಂತಿದ್ದರೆ ಯಾರೋ ಆಮೇಲಿನ ನಾಣ್ಯದ ಇಸವಿ ತಿದ್ದಿದ್ದಾರೆ.

ಒಂದೇ ಮಾರಾಟಗಾರರಿಂದ ಒಂದಕ್ಕಿಂತ ಹೆಚ್ಚು ನಾಣ್ಯ ಬಂದಾಗ ಮತ್ತೊಂದು ಉಪಾಯ ಇದೆ. ರಾಣಿಯ ಕೆನ್ನೆಯ ಮೇಲಿನ ಗೀರು, ಅಂಚಿನ ಹತ್ತಿರದ ಚಿಕ್ಕ ಗುಳಿ ಇಂಥವನ್ನು ಗುರುತು ಹಾಕಿಕೊಳ್ಳಿ. ಅದೇ ಗೀರು ಅದೇ ಜಾಗದಲ್ಲಿ ಇನ್ನೊಂದು ನಾಣ್ಯದಲ್ಲೂ ಇದ್ದರೆ ಎರಡೂ ಒಂದೇ ಎರಕದಲ್ಲಿ ಹುಯ್ದವು. ಎರಕದ ನಾಣ್ಯದ ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ, ಅಕ್ಷರದ ಅಂಚು ಕರಗಿದ ಸಾಬೂನಿನ ಹಾಗೆ ದುಂಡಾಗಿರುತ್ತದೆ, ಬದಿಯಲ್ಲಿ ಸುತ್ತಲೂ ಒಂದು ಹೊಲಿಗೆಯಂಥ ಗೆರೆ ಅಥವಾ ಅದನ್ನು ಅಳಿಸಲು ಅರ ಹಾಕಿದ ಗುರುತು ಇರುತ್ತದೆ.

ಈಗ ದುಡ್ಡಿನ ವಿಷಯ. ‘ಏಳು ದಿನ ಮುಗಿಯಿತು’ ಅನ್ನುವುದು ಮಾರಾಟಗಾರರ ನಿಯಮ, ದೇಶದ ಕಾನೂನಲ್ಲ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತು ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ಮಾರಾಟಗಾರರು ಅದನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವ ಹಾಗಿಲ್ಲ. ಫೋನಿನಲ್ಲಿ ಜಗಳ ಬೇಡ. ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರಹದಲ್ಲೇ ದೂರು ಕೊಡಿ. ಅವರು 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರಿನಲ್ಲಿ ‘ನನಗೆ ಇಷ್ಟವಾಗಲಿಲ್ಲ’ ಅನ್ನುವ ಮಾತು ಬರಲೇಬಾರದು. ‘ಅಸಲಿ ಬೆಳ್ಳಿ ಅಂತ ಹೇಳಿ ಬೆಳ್ಳಿಯಲ್ಲದ್ದನ್ನು ಕಳಿಸಿದ್ದಾರೆ’ ಅಂತ ನೇರ ಬರೆಯಿರಿ. ಚಿನ್ನದಂಗಡಿಯ ಮೆಷಿನ್ ಕೊಟ್ಟ ಚೀಟಿ, ತಕ್ಕಡಿಯ ಮೇಲಿಟ್ಟ ನಾಣ್ಯದ ಫೋಟೋ, ಬಿಲ್ಲು, ಪಾರ್ಸೆಲ್ ಕವರು ಎಲ್ಲ ಇರಲಿ. ಎಲ್ಲಕ್ಕಿಂತ ಮೊದಲು ಆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರು ಹೋದ ಕೂಡಲೇ ಜಾಹೀರಾತು ಮಾಯವಾಗುವುದು ಮಾಮೂಲು. ವಿವರಣೆಯ ಕೊನೆಯಲ್ಲಿ ಎಲ್ಲಾದರೂ ಸಣ್ಣದಾಗಿ ‘ರೆಪ್ಲಿಕಾ’ ಅಥವಾ ‘ಟೋಕನ್’ ಅಂತ ಬರೆದಿದ್ದಾರೋ ಅಂತಲೂ ನೋಡಿ. ಬರೆದಿದ್ದರೆ ನಿಮ್ಮ ಪಟ್ಟು ಸಡಿಲವಾಗುತ್ತದೆ.

ಅಲ್ಲಿ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಇದೆ. ಮಾರಿದವರು ದೆಹಲಿಯಲ್ಲಿರಲಿ ಜೈಪುರದಲ್ಲಿರಲಿ, 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಐದು ಲಕ್ಷದ ವರೆಗಿನ ಖರೀದಿಗೆ ಶುಲ್ಕ ಇಲ್ಲ. ಎರಡು ವರ್ಷದ ಅವಕಾಶ ಇದೆ. 4,200ಕ್ಕೆ ಇಷ್ಟೆಲ್ಲ ಓಡಾಟ ಯಾಕೆ ಅನ್ನಿಸಬಹುದು. ಹಾಗೆ ಎಲ್ಲರೂ ಸುಮ್ಮನಿರುತ್ತಾರೆ ಅನ್ನುವ ಧೈರ್ಯದಲ್ಲೇ ಈ ವ್ಯಾಪಾರ ನಡೆಯುವುದು.

ದುಡ್ಡು ಬರದಿದ್ದರೂ ನಾಣ್ಯಗಳನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ನಕಲಿ ಅಂತ ಗೊತ್ತಿದ್ದೂ ಅಸಲಿ ಅಂತ ಮಾರಿದರೆ ವಂಚನೆ ನಿಮ್ಮದೇ ಆಗುತ್ತದೆ. ಕವರಿನ ಮೇಲೆ ‘ನಕಲಿ’ ಅಂತ ಬರೆದು ಇಟ್ಟುಕೊಳ್ಳಿ. ಮುಂದಿನದನ್ನು ಹೋಲಿಸಿ ನೋಡಲು ಬಹಳ ಉಪಯೋಗ. ನನ್ನ ಹತ್ತಿರ ಅಂಥವೇ ಒಂದು ಡಬ್ಬಿ ತುಂಬ ಇವೆ, ಹೊಸಬರಿಗೆ ಪಾಠ ಹೇಳುವಾಗ ಮೊದಲು ತೆಗೆಯುವುದು ಅದನ್ನೇ.

ಪ್ರಶ್ನೆ: ನನ್ನಲ್ಲಿ 1818ರ ಈಸ್ಟ್ ಇಂಡಿಯಾ ಕಂಪನಿಯ ತಾಮ್ರದ ನಾಣ್ಯ ಇದೆ. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಆನ್‌ಲೈನ್‌ನಲ್ಲಿ 2,000 ಕೊಟ್ಟು ಕೊಂಡದ್ದು. ಇದು ಅಕ್ಕಿಯನ್ನು ಎಳೆದರೆ ಕೋಟಿ ಬೆಲೆ ಅಂತ ಒಬ್ಬರು ಹೇಳುತ್ತಿದ್ದಾರೆ.
– ಮುಳ್ಳೇರಿಯದ ಓದುಗರು

ಉತ್ತರ: ಈಸ್ಟ್ ಇಂಡಿಯಾ ಕಂಪನಿ ರಾಮ ಪಟ್ಟಾಭಿಷೇಕದ ನಾಣ್ಯವನ್ನು ಯಾವತ್ತೂ ಹೊರಡಿಸಿಲ್ಲ. 1616, 1717, 1818, 1839 ಅಂತ ಬಾಯಿಗೆ ಬಂದ ಇಸವಿ ಹಾಕಿದ ಇಂಥ ಬಿಲ್ಲೆಗಳು ಈಚೆಗೆ ತಯಾರಾದವು. ಪೂಜೆಗೆ ಇಡುವುದಾದರೆ ಇಡಿ, ಅದಕ್ಕೆ ಅಡ್ಡಿಯಿಲ್ಲ. ನಾಣ್ಯ ಅಂತ ಅದಕ್ಕೆ ಬೆಲೆ ಇಲ್ಲ.

ಅಕ್ಕಿ ಎಳೆಯುವ ‘ರೈಸ್ ಪುಲ್ಲರ್’ ಶುದ್ಧ ಮೋಸ. ಅಕ್ಕಿಯನ್ನು ಎಳೆಯುವ ತಾಮ್ರ ಲೋಕದಲ್ಲಿಲ್ಲ. ಮೊದಲು ನಿಮ್ಮ ನಾಣ್ಯಕ್ಕೆ ಕೋಟಿ ಬೆಲೆ ಕಟ್ಟುತ್ತಾರೆ, ಆಮೇಲೆ ಪರೀಕ್ಷೆಗೆ ವಿಜ್ಞಾನಿ ಬರಬೇಕು, ಅವರ ಖರ್ಚು ನೀವು ಕೊಡಿ ಅನ್ನುತ್ತಾರೆ. ಆ ವ್ಯಕ್ತಿಯನ್ನು ಮನೆಯ ಜಗಲಿಗೂ ಹತ್ತಿಸಬೇಡಿ.

ಪ್ರಶ್ನೆ: ಕೋಟೆಯ ಹತ್ತಿರ ಗದ್ದೆ ಅಗೆಯುವಾಗ ಸಿಕ್ಕಿದ್ದು ಅಂತ ಹೇಳಿ ಒಬ್ಬರು ವಾಟ್ಸಾಪ್‌ನಲ್ಲಿ ವೀರರಾಯನ ಚಿನ್ನದ ‘ಹಣ’ ಅನ್ನುವ ಹಳೇ ನಾಣ್ಯದ ಫೋಟೋ ಕಳಿಸಿದ್ದಾರೆ. ಹತ್ತು ಹಣ ಇದೆಯಂತೆ. ಅರ್ಧ ದುಡ್ಡು ಮುಂಗಡ ಕೇಳುತ್ತಿದ್ದಾರೆ. ನೀರಿನ ಪರೀಕ್ಷೆ ಇದಕ್ಕೂ ಆಗುತ್ತದೆಯೇ?
– ಕುಂಬಳೆಯ ಓದುಗರು

ಉತ್ತರ: ಆಗುವುದಿಲ್ಲ. ಅದು ಅರ್ಧ ಗ್ರಾಂ ಕೂಡ ತೂಗದ ಪುಟಾಣಿ ನಾಣ್ಯ. ನೀರಿನಲ್ಲಿ ಬರುವ ವ್ಯತ್ಯಾಸವನ್ನು ಮನೆಯ ತಕ್ಕಡಿ ಹಿಡಿಯಲಾರದು. ಇಂಥದ್ದನ್ನು ಪರಿಣತರ ಕೈಗೆ ಕೊಡದೆ ಕೊಳ್ಳಬಾರದು.

ಆದರೆ ಅದಕ್ಕಿಂತ ಮುಂಚೆ ಆ ಕಥೆಯನ್ನು ನೋಡಿ. ಬೇಕಲ, ಚಂದ್ರಗಿರಿ, ಕುಂಬಳೆ ಅಂತ ಸುತ್ತಮುತ್ತ ಕೋಟೆಗಳಿರುವ ನಮ್ಮ ಊರಿನಲ್ಲಿ ಇದು ಸುಲಭವಾಗಿ ಮಾರಾಟವಾಗುವ ಕಥೆ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು ಅಂತ ಕಾನೂನಿದೆ, ಕೇರಳಕ್ಕೆ 1968ರದ್ದೇ ಪ್ರತ್ಯೇಕ ಕಾಯ್ದೆ ಇದೆ. ಕಥೆ ನಿಜವಾದರೆ ನೀವು ಕೊಳ್ಳುವುದು ಮುಚ್ಚಿಟ್ಟ ನಿಧಿಯನ್ನು. ಸುಳ್ಳಾದರೆ ಹಿತ್ತಾಳೆಯನ್ನು. ಎರಡರಲ್ಲಿ ಯಾವುದು ಬೇಕು? ಮುಂಗಡ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆ ಇರುವ ನಂಬರ್ ಅದು. ಬೇಗ ತಿಳಿಸಿದರೆ ದುಡ್ಡು ಕೈ ದಾಟುವ ಮೊದಲು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇದೆ.

ಪ್ರಶ್ನೆ: ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತೇವೆ, ರಿಸರ್ವ್ ಬ್ಯಾಂಕಿನ ನೋಂದಣಿಗೆ 1,850 ರೂಪಾಯಿ ಕಳಿಸಿ ಅಂತ ಮೆಸೇಜ್ ಬಂದಿದೆ.
– ಮಂಜೇಶ್ವರದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಕಳಿಸಬೇಡಿ. ಹಳೇ ನೋಟು, ನಾಣ್ಯಗಳ ಖರೀದಿ ಮಾರಾಟದಲ್ಲಿ ತಾನಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಆ ಐದು ರೂಪಾಯಿಗೆ ಅಂಗಡಿಯಲ್ಲಿ ಐದು ರೂಪಾಯಿಯ ಸಾಮಾನು ಸಿಗುತ್ತದೆ.

ಪ್ರಶ್ನೆ: ಮಾವನವರು ಬಿಟ್ಟುಹೋದ ಹಳೇ ನಾಣ್ಯಗಳ ಡಬ್ಬಿ ಇದೆ. ದುಬೈಯಲ್ಲಿರುವ ಅಳಿಯ, ಅಲ್ಲಿ ಒಳ್ಳೆಯ ಬೆಲೆ ಬರುತ್ತದೆ, ಈ ಸಲ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ ಅನ್ನುತ್ತಾನೆ. ಹುಣಸೆಹುಳಿ ಹಾಕಿ ತಿಕ್ಕಿ ಕೊಡಲೇ?
– ಉಪ್ಪಳದ ಗೃಹಿಣಿ

ಉತ್ತರ: ಅಮ್ಮಾ, ತಿಕ್ಕಲೇಬೇಡಿ. ಹಳೇ ನಾಣ್ಯದ ಮೇಲಿನ ಕಪ್ಪು ಬಣ್ಣಕ್ಕೇ ಸಂಗ್ರಾಹಕರು ದುಡ್ಡು ಕೊಡುವುದು. ಹುಣಸೆಹುಳಿ ಕಂಡ ನಾಣ್ಯ ಫಳಫಳ ಹೊಳೆಯುತ್ತದೆ, ಬೆಲೆ ಮಾತ್ರ ಇಳಿಯುತ್ತದೆ.

ದುಬೈಗೆ ಒಯ್ಯುವ ಮೊದಲು ಇಸವಿ ನೋಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನಾಣ್ಯವೂ ಹೋಗುತ್ತದೆ, ಅಳಿಯನ ತಲೆ ಮೇಲೆ ಕೇಸೂ ಬೀಳುತ್ತದೆ. ಮಾರುವುದಾದರೆ ಇಲ್ಲೇ, ಬಿಲ್ಲು ಕೊಡುವ ಹರಾಜು ಸಂಸ್ಥೆಯ ಮೂಲಕ ಮಾರಿ. ನೆನಪಿಗೆ ಒಂದೆರಡು ಬೇಕು ಅಂದರೆ 1947ರ ನಿಕ್ಕಲ್ ರೂಪಾಯಿ ಇದೆಯೋ ಹುಡುಕಿ. ಅವಕ್ಕೆ ಇನ್ನೂ ನೂರು ಆಗಿಲ್ಲ.