ಕಡಲ ದಂಡೆಯ ಗಾಳಕ್ಕೆ ಯಾವ ಎರೆ?

ಪ್ರಶ್ನೆ: ಕುಣಿಗಲ್ ಕೆರೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುವುದು ನನಗೆ ರೂಢಿ. ಡಿಸೆಂಬರ್‌ನಲ್ಲಿ ಕಾಪುವಿಗೆ ಹೋಗುವವನಿದ್ದೇನೆ. ಇಲ್ಲಿಂದಲೇ ಹುಳು ಒಯ್ಯಬಹುದೇ? ಅಲೆ ಜೋರಾಗಿದ್ದರೆ ಏನು ಮಾಡಬೇಕು?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಆ ಶ್ರಮ ಬೇಡ, ಉಪ್ಪುನೀರಿನಲ್ಲಿ ಎರೆಹುಳು ಬೇಗನೆ ಸತ್ತು ಜೋತುಬೀಳುತ್ತದೆ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳಿನ ಮೇಲೆ ಪುಟ್ಟ ‘ವಿ’ ಆಕಾರದ ಗೆರೆಗಳು ಕಾಣಿಸಿದರೆ, ಅಲ್ಲಿ ಮೊಟ್ಟೆಯಾಕಾರದ ಸಣ್ಣ ಮರಳೇಡಿಗಳು ಹುದುಗಿರುವ ಸಂಭವವಿದ್ದು, ಬೊಗಸೆ ತುಂಬ ಮರಳನ್ನು ತಟ್ಟನೆ ತೋಡಿ ಮುಂದಿನ ಅಲೆಯಲ್ಲಿ ತೊಳೆದರೆ ಅವು ಅಂಗೈಯಲ್ಲಿ ಉಳಿಯುತ್ತವೆ. ಅವನ್ನು ನೀರು ತುಂಬಿದ ಬಕೆಟ್ಟಿಗಿಂತ ಒದ್ದೆ ಮರಳಿನಲ್ಲಿ, ನೆರಳಿನಲ್ಲಿ ಇಡುವುದು ಲೇಸು. ಸಿಗದಿದ್ದರೆ ಮೀನು ಮಾರುಕಟ್ಟೆಯ ಸಿಗಡಿಯೇ ಸಾಕು. ಬೂತಾಯಿ ಮೀನಿನ ತುಂಡು ವಾಸನೆಯಿಂದ ಮೀನನ್ನು ಸೆಳೆಯುತ್ತದೆಯಾದರೂ ಬಹಳ ಮೆತ್ತಗಿರುವುದರಿಂದ ನೂಲು ಸುತ್ತದಿದ್ದರೆ ಎಸೆಯುವಾಗಲೇ ಕಳಚಿಹೋಗುತ್ತದೆ.

ಕೆರೆಗಿಲ್ಲದ ಉಬ್ಬರವಿಳಿತ ಇಲ್ಲಿ ಮುಖ್ಯ. ಭರತದ, ಅಂದರೆ ನೀರು ಉಬ್ಬುವ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಎರೆಯನ್ನು ಇಳಿತದಲ್ಲಿ ಹುಡುಕಿ, ನೀರು ಏರತೊಡಗಿದಾಗ ಗಾಳ ಹಾಕುವುದು ನನ್ನ ಸಲಹೆ. ಸೆಳೆತಕ್ಕೆ ತಂಗೂಸಿ (ಗಾಳದ ದಾರ) ಪಕ್ಕಕ್ಕೆ ಸರಿಯುತ್ತಿದ್ದರೆ ಸೀಸದ ಗುಂಡಿನ ತೂಕ ಹೆಚ್ಚಿಸಿ. ಸುತ್ತಲೂ ನೊರೆಯಿದ್ದು ನಡುವೆ ಮಾತ್ರ ಅಲೆ ಒಡೆಯದ ಕಪ್ಪುಪಟ್ಟೆ ಕಂಡರೆ, ಅದು ನೀರು ಕಡಲಿಗೆ ಮರಳುವ ದಾರಿಯಾಗಿರಬಹುದು. ಅದರ ಅಂಚಿಗೆ ದಡದಿಂದಲೇ ಗಾಳ ಎಸೆಯಬಹುದು, ಆದರೆ ಅಲ್ಲಿ ಮೊಣಕಾಲುದ್ದ ನೀರಿಗೂ ಇಳಿಯಕೂಡದು. ದೀಪಸ್ತಂಭದ ಬಳಿಯ ಪಾಚಿ ಹಿಡಿದ ಬಂಡೆಗಳೂ ಹೊಸಬರಿಗೆ ತಕ್ಕವಲ್ಲ. ಹೊರಡುವ ಮುನ್ನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆಗಳ ಮುನ್ಸೂಚನೆಯನ್ನು ನೋಡಿಕೊಳ್ಳಿ.