ಬೇರೆಯಾದ ಮೇಲೆ ನಾಯಿಯ ಆಸ್ಪತ್ರೆ ಬಿಲ್ ಯಾರದು?

ಬಳ್ಳಾರಿಯಲ್ಲಿ ಸಂಗಾತಿಯ ಜೊತೆ ಮದುವೆಯಾಗದೆ ಇದ್ದು ಬೇರೆಯಾದಿರಿ, ಲ್ಯಾಬ್ರಡಾರ್ ನಿಮ್ಮ ಹತ್ತಿರ ಉಳಿಯಿತು, ಅದರ ಆಪರೇಷನ್ ಖರ್ಚಿನ ಅರ್ಧ ಅವರು ಕೊಡುತ್ತಿಲ್ಲ ಅಂದಿರಿ. ಇದು ಫ್ಯಾಮಿಲಿ ಕೋರ್ಟಿನ ವಿಷಯವಲ್ಲ. ಕಾನೂನಿಗೆ ನಾಯಿಯೂ ಒಂದು ಸ್ವತ್ತು, ಬೈಕಿನ ಹಾಗೆ. ಕೇಳಿದರೆ ಬೇಜಾರಾಗುತ್ತದೆ, ಅಲ್ವಾ?

ಮುಖ್ಯ ಪ್ರಶ್ನೆ: ಅರ್ಧ ಕೊಡುತ್ತೇನೆ ಅಂತ ಅವರು ಒಪ್ಪಿದ್ದಕ್ಕೆ ಏನಾದರೂ ಗುರುತು ಇದೆಯಾ? ವಾಟ್ಸಾಪ್ ಮೆಸೇಜ್ ಇದ್ದರೆ ಅಳಿಸಬೇಡಿ. ಈ ಹಿಂದೆ ಅವರು ಫೋನ್‌ಪೇಯಲ್ಲಿ ಹಾಕಿದ ದುಡ್ಡಿನ ಲೆಕ್ಕ, ಆಸ್ಪತ್ರೆ ಬಿಲ್ಲು ಎಲ್ಲ ತೆಗೆದಿಡಿ. ಬೇರೆಯಾದ ಮೇಲೆ ನಾಯಿಗೆ ಹಾಕಿದ ಅನ್ನ-ಮೊಟ್ಟೆ ಖರ್ಚನ್ನೂ ಇದಕ್ಕೆ ಸೇರಿಸಬೇಡಿ, ಸುಮ್ನೆ ಜಗಳ ಜಾಸ್ತಿ.

ಹಣದ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಅವಧಿ ಇರುತ್ತದೆ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸ್ ಹಾಕುವ ಮುಂಚೆಯೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಫೀಸಿಲ್ಲ.

ಸಿಟ್ಟಿನಲ್ಲಿ ನಾಯಿಯನ್ನು ಮಾತ್ರ ಬೀದಿಗೆ ಬಿಡಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಕೇಸ್ ನಿಮ್ಮ ಮೇಲೇ ಬೀಳಬಹುದು.